ಶಾಲೆಗೆ ಬೀಗ ಬಿದ್ದಾಗ: ಒಂದರಿಂದ ಐದನೇ ತರಗತಿಯ ಮಕ್ಕಳ ಮನೆಗೆ ಪಾಠ ತಲುಪಿಸುವ ಬಗೆ

ಎರಡು ದಿನದ ಮಳೆ ರಜೆಗೆ ಯಾವ ಯೋಜನೆಯೂ ಬೇಡ, ಮಕ್ಕಳು ಆಡಿಕೊಳ್ಳಲಿ. ತೊಂದರೆ ಶುರುವಾಗುವುದು ರಜೆ ವಾರ ದಾಟಿದಾಗ. ಕೊಡಗು ಮತ್ತು ಕರಾವಳಿಯ ಮಳೆಗಾಲದಲ್ಲಿ, ನೆರೆ ಬಂದು ಶಾಲೆಯೇ ಕಾಳಜಿ ಕೇಂದ್ರವಾಗುವ ಕೃಷ್ಣಾ ತೀರದ ಊರುಗಳಲ್ಲಿ ಹೀಗಾಗುವುದುಂಟು. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ 1ರಿಂದ 5ನೇ ತರಗತಿಯ ಗಂಟೆ ಮತ್ತೆ ಬಾರಿಸಿದ್ದು 2021ರ ಅಕ್ಟೋಬರ್ 25ಕ್ಕೆ. ಆ 19 ತಿಂಗಳಲ್ಲಿ ಒಂದು ಮಾತು ಖಚಿತವಾಯಿತು: ಹೈಸ್ಕೂಲು ಮಕ್ಕಳಿಗೆ ನೇರವಾಗಿ ಫೋನಿನಲ್ಲಿ ಪಾಠ ಹೇಳಬಹುದು, ಚಿಕ್ಕ ಮಕ್ಕಳಿಗೆ ಹೇಳಬೇಕಾದರೆ ಮೊದಲು ಮನೆಯವರು ನಿಮ್ಮ ಜೊತೆಗಿರಬೇಕು. ಆದ್ದರಿಂದ ಶಿಕ್ಷಕರು ಮತ್ತು ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಯೋಜನೆ ಹಾಕುವಾಗ ಶಾಲೆಯ ವೇಳಾಪಟ್ಟಿಯನ್ನು ಪಕ್ಕಕ್ಕಿಡಲಿ. ಮನೆಯ ಹೊತ್ತು, ಮನೆಯ ಫೋನು, ಮನೆಯ ಮಾತು – ಲೆಕ್ಕ ಇವುಗಳಿಂದ ಶುರುವಾಗಬೇಕು.

ಮೊದಲು ಮನೆಗಳ ಪಟ್ಟಿ

ಇಲಾಖೆಯ ವಿದ್ಯಾರ್ಥಿ ದಾಖಲೆ ತಂತ್ರಾಂಶವಾದ ಎಸ್.ಎ.ಟಿ.ಎಸ್.ನಲ್ಲಿರುವ ಮೊಬೈಲ್ ನಂಬರನ್ನು ನಂಬಿ ಕೂರಬೇಡಿ. ದಾಖಲಾತಿ ದಿನ ಕೊಟ್ಟ ನಂಬರು ಎಷ್ಟೋ ಸಲ ಸೋದರಮಾವನದ್ದೋ ಪಕ್ಕದ ಮನೆಯವರದ್ದೋ ಆಗಿರುತ್ತದೆ, ಇಲ್ಲವೇ ರೀಚಾರ್ಜ್ ಕಾಣದೆ ಸತ್ತಿರುತ್ತದೆ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಮಗುವಿಗೊಂದು ಸಾಲಿನಂತೆ ಹೊಸದಾಗಿ ಬರೆದುಕೊಳ್ಳಿ. ಫೋನು ಸ್ಮಾರ್ಟ್‌ಫೋನೋ ಕೀಪ್ಯಾಡೋ, ಅದು ಯಾರ ಜೇಬಿನಲ್ಲಿರುತ್ತದೆ, ಅವರು ಮನೆ ಸೇರುವುದು ಎಷ್ಟು ಗಂಟೆಗೆ, ಮನೆಯಲ್ಲಿ ಕನ್ನಡ ಓದಬಲ್ಲವರು ಯಾರು, ಮನೆಮಾತು ಯಾವುದು, ಅದೇ ಫೋನಿಗೆ ಕಾಯುವ ಬೇರೆ ಮಕ್ಕಳೆಷ್ಟು – ಇಷ್ಟು ಕಾಲಂ ಸಾಕು. ಕೊನೆಯದನ್ನು ಕೇಳಲು ಮರೆಯುವವರೇ ಹೆಚ್ಚು. ಎಸ್ಸೆಸ್ಸೆಲ್ಸಿ ಓದುವ ಅಕ್ಕನಿದ್ದರೆ ಫೋನು ಅವಳ ಕೈಗೆ ಹೋಗುತ್ತದೆ, ಎರಡನೇ ತರಗತಿಯ ತಮ್ಮನಿಗೆ ಸಿಗುವುದಿಲ್ಲ. ಆಗ ‘ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ’ ಎಂದು ಬರೆದುಕೊಂಡರೆ ಪಟ್ಟಿ ಸುಳ್ಳು ಹೇಳುತ್ತದೆ.

ಪಟ್ಟಿ ಮುಗಿದ ಮೇಲೆ ಮನೆಗಳು ತಾವಾಗಿಯೇ ಮೂರು ಗುಂಪಾಗುತ್ತವೆ: ಹಗಲಿನಲ್ಲಿ ಸ್ಮಾರ್ಟ್‌ಫೋನ್ ಸಿಗುವ ಮನೆ, ಸಂಜೆ 7ರ ಮೇಲಷ್ಟೇ ಸಿಗುವ ಮನೆ, ಕೀಪ್ಯಾಡ್ ಮಾತ್ರ ಇರುವ ಅಥವಾ ಏನೂ ಇಲ್ಲದ ಮನೆ. ಯೋಜನೆಯನ್ನು ಮೂರನೆಯ ಗುಂಪಿನಿಂದ ಶುರು ಮಾಡಿ. ಅವರಿಗೆ ಹೊಂದುವ ಕೆಲಸ ಎಲ್ಲರಿಗೂ ಹೊಂದುತ್ತದೆ. ಮೊದಲ ಗುಂಪಿಗೆಂದು ಮಾಡಿದ ವಿಡಿಯೊ ಪಾಠ ಉಳಿದ ಎರಡಕ್ಕೂ ತಲುಪುವುದಿಲ್ಲ, ಮೇಲಾಗಿ ಆ ಮನೆಯವರಿಗೆ ‘ನಾವು ಹಿಂದೆ ಬಿದ್ದೆವು’ ಎಂಬ ಸಂಕೋಚ ಹುಟ್ಟಿಸುತ್ತದೆ. ಹಾಗೆ ಸಂಕೋಚಪಟ್ಟ ಮನೆ ಮುಂದೆ ಫೋನನ್ನೇ ಎತ್ತುವುದಿಲ್ಲ.

ದಿನಕ್ಕೆ ಎಷ್ಟು?

ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ (ಈಗಿನ ಶಿಕ್ಷಣ) ಸಚಿವಾಲಯ 2020ರ ಜುಲೈನಲ್ಲಿ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿ 1ರಿಂದ 8ನೇ ತರಗತಿಗೆ ದಿನಕ್ಕೆ ಎರಡೇ ಆನ್‌ಲೈನ್ ಅವಧಿ, ಒಂದೊಂದೂ 30ರಿಂದ 45 ನಿಮಿಷ ಎಂದು ಮಿತಿ ಹಾಕಿತ್ತು. ಒಂದು ಎರಡನೇ ತರಗತಿಗೆ ಅದೂ ಜಾಸ್ತಿಯೇ. 1 ಮತ್ತು 2ಕ್ಕೆ 15 ನಿಮಿಷದ ಮೂರು ತುಂಡು, 3ಕ್ಕೆ 20 ನಿಮಿಷದ ಮೂರು, 4 ಮತ್ತು 5ಕ್ಕೆ 25–30 ನಿಮಿಷದ ಮೂರು – ಕಾಗದದ ಕೆಲಸ, ಫೋನು, ಓದು ಎಲ್ಲ ಸೇರಿ ಇಷ್ಟೇ. ‘ಇಷ್ಟು ಕಮ್ಮಿಯಾ ಮಿಸ್?’ ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. ಶಾಲೆಯಲ್ಲಿ 40 ನಿಮಿಷದ ಪಿರಿಯಡ್ಡಿನಲ್ಲಿ ಹಾಜರಿ, ಪುಸ್ತಕ ತೆಗೆಯುವುದು, ಬೇರೆ ಮಕ್ಕಳ ಸರದಿ ಎಲ್ಲ ಕಳೆದರೆ ಒಂದು ಮಗು ತಾನೇ ಓದಿ ಬರೆಯುವುದು ಕೆಲವೇ ನಿಮಿಷ ಎಂದು ಬಿಡಿಸಿ ಹೇಳಿ.

ಹೊತ್ತನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ಮನೆಯ ಕೆಲಸಕ್ಕೆ ಕಟ್ಟುವುದು ಮೇಲು. ‘ತಿಂಡಿ ಆದ ಮೇಲೆ ಓದು, ಮಧ್ಯಾಹ್ನ ಊಟಕ್ಕೆ ಮುಂಚೆ ಲೆಕ್ಕ, ದೀಪ ಹಚ್ಚಿದ ಮೇಲೆ ಬರವಣಿಗೆ’ ಎಂದರೆ ಅಜ್ಜಿಯೂ ನೆನಪಿಟ್ಟುಕೊಂಡು ಕೂರಿಸುತ್ತಾರೆ. ‘10.30ಕ್ಕೆ’ ಎಂದರೆ ಯಾರಿಗೂ ನೆನಪಿರುವುದಿಲ್ಲ.

ವಾರದ ಕಟ್ಟು

ಮೂರೂ ಗುಂಪಿಗೆ ತಲುಪುವುದು ಕಾಗದ. ವಾರಕ್ಕೆ ಮಗುವಿಗೆ ಎ4 ಅಳತೆಯ 4 ಹಾಳೆ, ಎರಡೂ ಬದಿ ಸೇರಿ 8 ಪುಟ. ಆರು ದಿನಕ್ಕೆ ಆರು ಪುಟ, ಏಳನೆಯದು ಚಿತ್ರ ಬಿಡಿಸಲು ಖಾಲಿ, ಎಂಟನೆಯದು ಮನೆಯವರಿಗೆ. ಹಾಳೆಗಳನ್ನು ಬಿಡಿಯಾಗಿ ಕೊಟ್ಟರೆ ಬುಧವಾರದ ಹೊತ್ತಿಗೆ ಎರಡು ಮಾಯವಾಗಿರುತ್ತವೆ. ಸ್ಟೇಪಲ್ ಪಿನ್ ತೊಟ್ಟಿಲ ಮಗುವಿನ ಬಾಯಿಗೆ ಹೋಗುವ ವಸ್ತು. ಒಂದು ಅಂಚಿನಲ್ಲಿ ದಾರದಿಂದ ಎರಡು ಹೊಲಿಗೆ ಹಾಕಿ ಪುಟ್ಟ ಪುಸ್ತಕವಾಗಿಸಿ, ಮೇಲೆ ಮಗುವಿನ ಹೆಸರನ್ನು ದೊಡ್ಡದಾಗಿ ಬರೆಯಿರಿ. ಕೂಲಿಗೆ ವಲಸೆ ಹೋಗುವ ಮನೆಯಾದರೆ ಹಿಂಬದಿಯಲ್ಲಿ ಎಸ್.ಎ.ಟಿ.ಎಸ್. ಸಂಖ್ಯೆಯೂ ಇರಲಿ. ಬೇರೆ ಊರಿನ ಶಾಲೆಯಲ್ಲಿ ಮಗುವನ್ನು ಕೂರಿಸಿಕೊಳ್ಳಲು ಅದೇ ಆಧಾರವಾಗುತ್ತದೆ.

ಮನೆಯವರ ಪುಟದಲ್ಲಿ ನಾಲ್ಕೇ ಸಾಲು, ದಪ್ಪ ಅಕ್ಷರದಲ್ಲಿ: ಈ ವಾರ ಏನು ಕಲಿಯುತ್ತದೆ, ಮನೆಯಲ್ಲಿ ಬೇಕಾದ ಸಾಮಾನು ಏನು, ಮಗುವಿಗೆ ಕೇಳಬೇಕಾದ ಒಂದು ಪ್ರಶ್ನೆ, ನಿಮ್ಮ ಫೋನು ಬರುವ ದಿನ ಮತ್ತು ಹೊತ್ತು. ‘ಸಾಮರ್ಥ್ಯ’, ‘ಕಲಿಕಾ ಫಲ’ ಮುಂತಾದ ಇಲಾಖೆಯ ಮಾತು ಇಲ್ಲಿ ಬೇಡ. ‘ದಶಕ ಬಿಡಿಸಿ ಕಳೆಯುವುದು’ ಎಂದರೆ ಆಯಿತು.

ಹಂಚುವ ಜಾಗ ಜನ ಹೇಗಿದ್ದರೂ ಬರುವ ಜಾಗವಾಗಿರಲಿ – ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ. ಬಿಸಿಯೂಟದ ಬದಲು ದವಸ ಹಂಚುವ ಏರ್ಪಾಡಿದ್ದರೆ ಆ ದಿನವೇ ಕಟ್ಟನ್ನೂ ಕೊಡಿ. ದಿನ ಬದಲಾಯಿಸಬೇಡಿ, ಸಂತೆ ದಿನ ಎಂದರೆ ಸಂತೆ ದಿನ. ಹಳೆಯ ಕಟ್ಟು ತಂದುಕೊಟ್ಟು ಹೊಸದನ್ನು ಒಯ್ಯುವ ರೂಢಿ ಮಾಡಿ. ಆದರೆ ಹಳೆಯದು ತರಲಿಲ್ಲವೆಂದು ಹೊಸದನ್ನು ತಡೆದರೆ ಆ ಮಗು ಅಲ್ಲಿಗೇ ಕೈತಪ್ಪುತ್ತದೆ.

ಓದು: ಮನೆಯ ‘ಅ ಆ ಇ ಈ’ ಮತ್ತು ಶಾಲೆಯ ‘ರ ಗ ಸ ದ ಅ’

ಮನೆಗೂ ಶಾಲೆಗೂ ಮೊದಲ ಜಟಾಪಟಿ ಇಲ್ಲೇ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಮನೆಯಲ್ಲಿ ಅಪ್ಪ ‘ಅ ಆ ಇ ಈ ಹೇಳು’ ಎನ್ನುತ್ತಾರೆ, ಮಗು ತಡವರಿಸುತ್ತದೆ, ‘ಶಾಲೆಯಲ್ಲಿ ಏನೂ ಕಲಿಸಿಲ್ಲ’ ಎಂದಾಗುತ್ತದೆ. ಮೊದಲ ವಾರದ ಫೋನಿನಲ್ಲೇ ಇದನ್ನು ಬಿಡಿಸಿ. ಮೊದಲ ಐದೇ ಅಕ್ಷರದಿಂದ ಸರ, ದರ, ರಸ, ಅರಸ, ಅಗಸ, ದಸರ, ಗರಗಸ ಓದಲು ಬರುತ್ತದೆ. ಹತ್ತಾದರೆ ‘ಅರಸನ ಮಗ ಬಸವ’ ಎಂಬ ಪೂರ್ತಿ ವಾಕ್ಯವೇ ಸಿಗುತ್ತದೆ. ಅ ಆ ಇ ಈ ಹಾಡಿನಂತೆ ಹೇಳಿಸಿಕೊಳ್ಳಲಿ, ಅಡ್ಡಿಯಿಲ್ಲ. ಓದು ಬರಹಕ್ಕೆ ಮಾತ್ರ ಕಟ್ಟಿನಲ್ಲಿರುವ ಕ್ರಮವನ್ನೇ ಹಿಡಿಯಲಿ. ಎರಡನ್ನೂ ಒಟ್ಟಿಗೆ ಬರೆಸಿದರೆ 1ನೇ ತರಗತಿಯ ಮಗುವಿಗೆ ಎರಡೂ ಬರುವುದಿಲ್ಲ.

ಮನೆಯವರು ಹೆಚ್ಚು ನೆಚ್ಚುವ ಅಭ್ಯಾಸ ಕಾಪಿ ಬರೆಸುವುದು. ಒಂದು ಪುಟ ಹತ್ತು ಸಲ ಬರೆದಿದ್ದನ್ನು ಕಂಡರೆ ಮನಸ್ಸಿಗೆ ಸಮಾಧಾನ. ಆದರೆ ಮಗು ಅಕ್ಷರವನ್ನು ಓದದೆ ರಂಗೋಲಿಯ ಎಳೆಯಂತೆ ನೋಡಿ ಗೀಚಿರಬಹುದು. ಪರೀಕ್ಷೆ ಸುಲಭ: ಬರೆದ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿ. ಹೇಳಲಾರದೆ ಸಾಲಿನ ಮೊದಲಿನಿಂದ ಗುಣುಗುತ್ತಾ ಬಂದರೆ ಅದು ಬಾಯಿಪಾಠ. ಹತ್ತು ಸಲದ ಕಾಪಿಯ ಬದಲು ದಿನಕ್ಕೆ ಐದು ಪದದ ಉಕ್ತಲೇಖನ ಮಾಡಿಸಿ. ಅಮ್ಮನಿಗೆ ಓದಲು ಬಾರದಿದ್ದರೂ ಇದು ನಡೆಯುತ್ತದೆ: ಪದಗಳನ್ನು ನೀವು ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸಿ, ಪದಕ್ಕೂ ಪದಕ್ಕೂ ನಡುವೆ 15 ಸೆಕೆಂಡು ಸುಮ್ಮನಿರಿ.

ಒತ್ತಕ್ಷರದಲ್ಲಿ ಅಕ್ಕ, ಅಪ್ಪ, ಅಣ್ಣ ಮುಂತಾದ ಸಜಾತಿ ಒತ್ತು ಬೇಗ ಕೂರುತ್ತದೆ. ಪುಸ್ತಕ, ಅಕ್ಷರ ಮುಂತಾದವಕ್ಕೆ ಇನ್ನಷ್ಟು ವಾರ ಬೇಕು. ಅರ್ಕಾವತ್ತು ಎಲ್ಲರನ್ನೂ ಎಡವಿಸುವ ಕಲ್ಲು. ‘ಸೂರ್ಯ’ದಲ್ಲಿ ಗುರುತು ಕೂರುವುದು ಯಕಾರದ ಆಚೆ, ಉಚ್ಚಾರ ಬರುವುದು ಅದಕ್ಕೂ ಮುಂಚೆ, ಮಗು ‘ಸೂಯರ’ ಎಂದು ಓದಿದರೆ ಕಣ್ಣಿಗೆ ಕಂಡದ್ದನ್ನೇ ಓದಿದೆ ಎಂದರ್ಥ, ದಡ್ಡತನವಲ್ಲ. ಸೂರ್ಯ, ಕಾರ್ಯ, ವರ್ಷ, ಪರ್ವತ – ಇಂಥ ನಾಲ್ಕು ಪದ ವಾರವಿಡೀ ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಲಿ. ಮಹಾಪ್ರಾಣದ ತಪ್ಪನ್ನು 1ನೇ ತರಗತಿಯಲ್ಲಿ ಹಿಡಿದು ಜಗ್ಗಬೇಡಿ. ಮಾತಿನಲ್ಲಿ ಕೇಳಿಸದ ವ್ಯತ್ಯಾಸ ಬರಹದಲ್ಲಿ ತಡವಾಗಿಯೇ ಬರುತ್ತದೆ.

ಮನೆಮಾತು ತುಳು, ಬ್ಯಾರಿ, ಕೊಂಕಣಿ, ಉರ್ದು, ಲಂಬಾಣಿ, ತೆಲುಗು ಆದ ಮನೆಗಳಿಗೆ ‘ಮನೆಯಲ್ಲಿ ಕನ್ನಡದಲ್ಲೇ ಮಾತಾಡಿ’ ಎಂಬ ಸಲಹೆ ಕೊಡಬೇಡಿ. ಕಥೆಯನ್ನು ಕನ್ನಡದಲ್ಲಿ ಓದಲಿ, ಅಜ್ಜಿಗೆ ಮನೆಮಾತಿನಲ್ಲಿ ಹೇಳಲಿ. ಅರ್ಥವಾಗಿದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಲೆಕ್ಕ: ಕಡ್ಡಿ, ಹುಣಸೆಬೀಜ, ರಬ್ಬರ್ ಬ್ಯಾಂಡ್

ಪ್ರತಿ ಮನೆಯಲ್ಲೂ ಒಂದು ಡಬ್ಬ ಇರಲಿ: 100 ಹುಣಸೆಬೀಜ, ಒಂದೇ ಉದ್ದಕ್ಕೆ ಮುರಿದ 100 ಪೊರಕೆ ಕಡ್ಡಿ, 10 ರಬ್ಬರ್ ಬ್ಯಾಂಡ್. ತುಂಬಾ ಸಣ್ಣ ತಂಗಿ ತಮ್ಮ ಇದ್ದರೆ ಬೀಜ ಬೇಡ, ಮೂಗಿಗೋ ಬಾಯಿಗೋ ತುರುಕಿಕೊಳ್ಳುತ್ತವೆ.

ಎರಡು ಮೂರನೇ ತರಗತಿಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು: 52 – 27 = 35. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗದು ಎಂದು ಮಗು 7ರಿಂದ 2 ಕಳೆದಿರುತ್ತದೆ. ‘ಪಕ್ಕದಿಂದ ಸಾಲ ತಗೋ’ ಎಂದು ಮನೆಯಲ್ಲಿ ಗದರಿದರೆ ಪಕ್ಕದ 5ನ್ನು 4 ಮಾಡಿ, 2ರ ಹಿಂದೆ 1 ಬರೆಯುವುದನ್ನು ಮಂತ್ರದಂತೆ ಕಲಿಯುತ್ತದೆ. ಮುಂದೆ 502 – 27 ಬಂದಾಗ ಮಂತ್ರ ಕೈಕೊಡುತ್ತದೆ. ಕಡ್ಡಿಯಲ್ಲಿ ಮಾಡಿಸಿ. ಹತ್ತರ ಐದು ಕಟ್ಟು, ಬಿಡಿ ಎರಡು ಕಡ್ಡಿ. ಏಳು ಕಡ್ಡಿ ಕೇಳಿ. ಎರಡೇ ಇವೆ ಎಂದು ಮಗುವೇ ಹೇಳಲಿ, ತಾನೇ ಒಂದು ಕಟ್ಟಿನ ರಬ್ಬರ್ ಬಿಚ್ಚಲಿ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು ಉಳಿಯಿತು, ಎರಡು ಕಟ್ಟು ಕೊಟ್ಟರೆ ಎರಡು ಉಳಿಯಿತು: 25. ರಬ್ಬರ್ ಬಿಚ್ಚುವ ಕೈ ಮಗುವಿನದ್ದೇ ಆಗಿರಬೇಕು, ದೊಡ್ಡವರು ಬಿಚ್ಚಿಕೊಟ್ಟರೆ ಕೆಲಸ ಕೆಟ್ಟಿತು. ಮೂರು ದಿನ ಕಡ್ಡಿ ಮಾತ್ರ, ಆಮೇಲೆ ಎರಡು ದಿನ ಕಡ್ಡಿಯ ಪಕ್ಕದಲ್ಲೇ ಬರಹ, ಆರನೇ ದಿನ ಬರೀ ಬರಹ.

‘ನೂರ ಐದು’ ಎಂದಾಗ 1005 ಎಂದು ಬರೆಯುವ ಮಗು ಕೇಳಿದ ಹಾಗೆ ಬರೆದಿದೆ: ನೂರು, ಆಮೇಲೆ ಐದು. 100 ಎಂದು ಬರೆದ ಚೀಟಿಯ ಕೊನೆಯ ಸೊನ್ನೆಯ ಮೇಲೆ 5ರ ಚೀಟಿ ಹೊದಿಸಿ ತೋರಿಸಿದರೆ ತಿದ್ದಿಕೊಳ್ಳುತ್ತದೆ. ಉರ್ದು ಮನೆಮಾತಿನ ಮಗು 27ಕ್ಕೆ 72 ಬರೆದರೆ ಅದಕ್ಕೂ ಕಾರಣವಿದೆ. ಕನ್ನಡದ ಇಪ್ಪತ್ತೇಳಿನಲ್ಲಿ ಇಪ್ಪತ್ತು ಮೊದಲು, ಉರ್ದುವಿನ ಸತ್ತಾಯೀಸಿನಲ್ಲಿ ಏಳು ಮೊದಲು. ಅಂಥ ಮನೆಗೆ ಮೊದಲೇ ಹೇಳಿಡಿ.

ಆಟದಿಂದಲೂ ಕೆಲಸವಾಗುತ್ತದೆ. ಕರಾವಳಿಯ ಚೆನ್ನೆಮಣೆಯಲ್ಲಿ 14 ಗುಳಿ, ಗುಳಿಗೆ 4 ಕಾಯಿ, ಒಟ್ಟು 56. ನಾಲ್ಕರ ಮಗ್ಗಿ ಮಣೆಯ ಮೇಲೇ ಕೂತಿದೆ. ಚೌಕಾಬಾರದಲ್ಲಿ ಕವಡೆ ಬಿದ್ದಷ್ಟು ಮನೆ ಎಣಿಸಿ ನಡೆಸುವುದು 1ನೇ ತರಗತಿಗೆ ಬೇಕಾದ ಕೂಡುವಿಕೆಯೇ. ‘ಇದನ್ನೂ ಹೋಂವರ್ಕ್ ಅಂತ ಬರೆದುಕೊಳ್ಳಿ’ ಎಂದರೆ ಮನೆಯವರು ನಗುತ್ತಾರೆ, ನಗುತ್ತಲೇ ಆಡಿಸುತ್ತಾರೆ.

ಫೋನು

ಚಿಕ್ಕ ಮಕ್ಕಳಿಗೆ ಧ್ವನಿ ಮೊದಲು, ವಿಡಿಯೊ ಆಮೇಲೆ. ವಾಟ್ಸಾಪಿನ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಾಲು ಎಂ.ಬಿ.ಯಷ್ಟೂ ಆಗುವುದಿಲ್ಲ. ಐದು ನಿಮಿಷದ ವಿಡಿಯೊ ಸುಲಭವಾಗಿ 20–30 ಎಂ.ಬಿ. ನುಂಗುತ್ತದೆ, ಮೂವರು ಮಕ್ಕಳ ಮನೆಯಲ್ಲಿ ದಿನದ ಡೇಟಾ ಸಂಜೆಯೊಳಗೆ ಖಾಲಿ. ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಮಾಡಿ, ಇಲ್ಲವಾದರೆ ‘ಗುಡ್ ಮಾರ್ನಿಂಗ್’ ಹೂವುಗಳ ಕೆಳಗೆ ಪಾಠ ಹೂತುಹೋಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವುದಾದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿರಲೇಬೇಕು. ಮಾಡದವರಿಗೆ ಸಂದೇಶ ಹೋಗುವುದೇ ಇಲ್ಲ, ಹೋಗಿಲ್ಲವೆಂದು ನಿಮಗೂ ತಿಳಿಯುವುದಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ ಸಿಗುತ್ತದೆ. ನೆಟ್‌ವರ್ಕ್ ಇರುವ ಕಡೆ ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಮನೆಯಲ್ಲಿ ನೆಟ್ ಇಲ್ಲದೆಯೂ ನಡೆಯುತ್ತದೆ.

ಕೀಪ್ಯಾಡ್ ಮನೆಗಳಿಗೆ ಕಾನ್ಫರೆನ್ಸ್ ಕಾಲ್. ಒಂದು ಕರೆಗೆ ಸಾಮಾನ್ಯವಾಗಿ ಐವರವರೆಗೆ ಸೇರಿಸಬಹುದು, ನಾಲ್ವರಿಗೆ ನಿಲ್ಲಿಸಿ. ಐದನೆಯ ಮನೆಯ ಟಿ.ವಿ. ಸದ್ದು ಎಲ್ಲರ ಕಿವಿಗೂ ಬಡಿಯುತ್ತದೆ. ಕರೆ ನೀವೇ ಮಾಡಿ, ಖರ್ಚು ಅವರ ಮೇಲೆ ಬೀಳದಿರಲಿ. ಹದಿನೈದು ನಿಮಿಷ ಹೀಗೆ ಸಾಗಲಿ: ಎರಡು ನಿಮಿಷ ಹೆಸರು ಹಿಡಿದು ಕ್ಷೇಮ ಕೇಳುವುದು, ನಾಲ್ಕು ನಿಮಿಷ ಬಾಯಿಲೆಕ್ಕ, ಐದು ನಿಮಿಷ ಒಬ್ಬರು ಓದುವುದು ಉಳಿದವರು ಬೆರಳಿಟ್ಟು ಹಿಂಬಾಲಿಸುವುದು, ಎರಡು ನಿಮಿಷ ನಾಳೆಯ ಕೆಲಸ, ಕೊನೆಗೆ ‘ಅಮ್ಮನ ಕೈಗೆ ಫೋನ್ ಕೊಡು’. ‘ಯಾರು ಹೇಳ್ತೀರಾ?’ ಎಂದು ಕೇಳಿದರೆ ನಾಲ್ವರೂ ಒಟ್ಟಿಗೆ ಕೂಗುತ್ತಾರೆ ಅಥವಾ ನಾಲ್ವರೂ ಸುಮ್ಮನಾಗುತ್ತಾರೆ; ಹೆಸರು ಮೊದಲು, ಪ್ರಶ್ನೆ ಆಮೇಲೆ.

ವಿಡಿಯೊ ಕ್ಲಾಸ್ ಮಾಡಲೇಬೇಕಾದರೆ ಆರೆಂಟು ಮಕ್ಕಳು, 30 ನಿಮಿಷ, ವಾರಕ್ಕೆರಡು ಸಲ ಸಾಕು. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಮಗುವಿನ ಕಣ್ಣಿನ ಮಟ್ಟಕ್ಕೆ ನಿಲ್ಲಿಸಲಿ, ಕಿಟಕಿ ಮಗುವಿನ ಮುಂದಿರಲಿ. ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ, ತುಟಿ ಹೇಗೆ ಆಡುತ್ತಿದೆ ಎಂಬುದು ನಿಮಗೆ ಕಾಣುವುದಿಲ್ಲ. ಚಾರ್ಜಿಗೆ ಹಾಕಿಕೊಂಡೇ ಕೂರಿಸುವುದು ಬೇಡ, ಫೋನು ಬಿಸಿಯಾಗುತ್ತದೆ.

ಪಕ್ಕದಿಂದ ಉತ್ತರ ಪಿಸುಗುಟ್ಟುವ ಪೋಷಕರು ಎಲ್ಲ ಕಡೆ ಇದ್ದಾರೆ. ಮಗು ಸೋತರೆ ನಾಲ್ಕು ಮನೆಯ ಮುಂದೆ ತಮ್ಮ ಮಾನ ಹೋಯಿತು ಎಂಬ ಅಳುಕು ಅದು. ಎಲ್ಲರ ಮುಂದೆ ತಡೆಯಬೇಡಿ. ಆಮೇಲೆ ಒಬ್ಬರಿಗೇ ಫೋನು ಮಾಡಿ, ‘ಅಕ್ಕಾ, ಅವನು ತಪ್ಪು ಹೇಳಿದ್ರೆ ನಂಗೆ ಅನುಕೂಲ, ಎಲ್ಲಿ ಸಿಕ್ಕಿಕೊಂಡಿದ್ದಾನೆ ಅಂತ ಗೊತ್ತಾಗತ್ತೆ’ ಎಂದರೆ ಬಹುಪಾಲು ಮನೆಗಳಲ್ಲಿ ನಿಲ್ಲುತ್ತದೆ.

‘ನಂಗೆ ಓದೋಕೆ ಬರಲ್ಲ ಮಿಸ್’

ಅಮ್ಮನಿಂದಲೋ ಅಪ್ಪನಿಂದಲೋ ಈ ಮಾತು ಬಂದಾಗ ಅವರಿಗೆ ಮೂರು ಕೆಲಸ ಕೊಡಿ. ಒಂದು, ಮಗು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕೂತು ಬೆರಳು ಪದದಿಂದ ಪದಕ್ಕೆ ಸರಿಯುತ್ತಿದೆಯೇ ನೋಡುವುದು. ಬೆರಳು ನಿಂತು ಬಾಯಿ ಓಡಿದರೆ ಅದು ಕಂಠಪಾಠ. ಎರಡು, ‘ಈಗ ಓದಿದ್ದನ್ನ ನಂಗೆ ಹೇಳು’ ಎನ್ನುವುದು. ಮೂರು, ಎಲ್ಲಿ ತಡವರಿಸಿತೋ ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುವುದು. ಕಟ್ಟು ವಾಪಸ್ ಬಂದಾಗ ಆ ಚುಕ್ಕೆಗಳೇ ನಿಮಗೆ ಮುಂದಿನ ವಾರದ ಪಾಠ ಹೇಳಿಕೊಡುತ್ತವೆ. ಹೊಡೆದು ಓದಿಸುವ ಮನೆಗೆ ಉಪದೇಶಕ್ಕಿಂತ ಕಮ್ಮಿ ಕೆಲಸ ಕೊಡುವುದು ಪರಿಣಾಮಕಾರಿ. ಕೆಲಸ ಮುಗಿಯದ ರೇಗಿಗೇ ಕೈ ಎದ್ದಿರುತ್ತದೆ.

ದೊಡ್ಡ ಅಕ್ಕನಿಗೆ ಪಾಠದ ಹೊಣೆ ಹೊರಿಸುವಾಗ ದಿನಕ್ಕೆ 20 ನಿಮಿಷ ಎಂದು ಗೆರೆ ಎಳೆಯಿರಿ. ಪಾತ್ರೆ, ನೀರು, ತಮ್ಮ, ತಂಗಿ ಎಲ್ಲ ಆಗಲೇ ಅವಳ ಮೇಲಿದೆ. ಅವಳ ಓದು ಹಿಂದೆ ಬೀಳಬಾರದು.

ಕೂಲಿ ಮನೆಗಳಿಗೆ ರಾತ್ರಿ 7ರಿಂದ 8.30ರೊಳಗೆ ಫೋನು ಮಾಡಿ. ಕಾಫಿ ಕೊಯ್ಲು, ಕಬ್ಬು ಕಡಿತ, ಭತ್ತದ ನಾಟಿ ನಡೆಯುವ ವಾರಗಳಲ್ಲಿ ಕೆಲಸವನ್ನು ಅರ್ಧಕ್ಕಿಳಿಸಿ. ಮೊದಲ ವಾಕ್ಯ ದೂರಾಗಿರದಿರಲಿ. ‘ಯಾಕೆ ಬರೆದಿಲ್ಲ?’ ಎಂದು ಶುರು ಮಾಡಿದ ಫೋನು ಎರಡನೇ ಸಲ ಎತ್ತುವುದಿಲ್ಲ.

ನೋಡುವುದು, ತಿದ್ದುವುದು

ನೋಟ್‌ಬುಕ್ಕಿನ ಫೋಟೊಗಳಲ್ಲಿ ಅರ್ಧ ಮಸುಕಾಗಿರುತ್ತವೆ, ಇನ್ನು ಕೆಲವು ಅಮ್ಮನ ಕೈಬರಹ. ವಾರಕ್ಕೊಂದೇ ಫೋಟೊ ಕೇಳಿ – ಹಗಲು ಬೆಳಕಿನಲ್ಲಿ, ನೆಲದ ಮೇಲಿಟ್ಟು, ಮೇಲಿನಿಂದ. ಅದರ ಜೊತೆಗೆ ಮಗು ಒಂದು ನಿಮಿಷ ಓದಿದ ವಾಯ್ಸ್ ಮೆಸೇಜ್. ಬರವಣಿಗೆ ಯಾರದ್ದೆಂಬ ಅನುಮಾನ ಬಂದರೂ ದನಿ ಯಾರದ್ದೆಂಬ ಅನುಮಾನ ಬರುವುದಿಲ್ಲ. ಉತ್ತರವಾಗಿ ಥಂಬ್ಸ್ ಅಪ್ ಸಾಲದು. ಮಗುವಿನ ಹೆಸರು ಹಿಡಿದು 20 ಸೆಕೆಂಡು ಮಾತು ಕಳಿಸಿ, ಸರಿಯಾದದ್ದು ಒಂದು, ತಿದ್ದಬೇಕಾದದ್ದು ಒಂದು. ಆ ದನಿಯನ್ನು ಮಕ್ಕಳು ಹತ್ತು ಸಲ ಹಾಕಿಕೊಂಡು ಕೇಳುತ್ತಾರೆ.

ಸತತ ಮೂರು ಕರೆಗೆ ಸಿಗದ, ಎರಡು ವಾರ ಕಟ್ಟು ಒಯ್ಯದ ಮನೆಗೆ ಕಾಲ್ನಡಿಗೆಯಲ್ಲೇ ಹೋಗಿ. ಊರು ಬಿಟ್ಟಿದ್ದರೆ ಎಲ್ಲಿಗೆ ಎಂದು ನೆರೆಯವರಿಗೆ ತಿಳಿದಿರುತ್ತದೆ. ಮಗು ದುಡಿಮೆಗೆ ಹೋಗುತ್ತಿದ್ದರೆ, ಹಿಂಸೆಯ ಗುರುತು ಕಂಡರೆ ಮಕ್ಕಳ ಸಹಾಯವಾಣಿ 1098. ವಿಶೇಷ ಅಗತ್ಯದ ಮಗುವಿದ್ದ ಮನೆಗೆ ಸಾಮಾನ್ಯ ಕಟ್ಟು ಕಳಿಸಿ ಕೈ ತೊಳೆದುಕೊಳ್ಳಬೇಡಿ. ಬ್ಲಾಕಿನ ಬಿ.ಐ.ಇ.ಆರ್.ಟಿ. (ಇಂಥ ಮಕ್ಕಳಿಗೆಂದೇ ಇರುವ ಸಂಪನ್ಮೂಲ) ಶಿಕ್ಷಕರ ಜೊತೆ ಸೇರಿ ಆ ಮಗುವಿಗೆಂದೇ ಬೇರೆ ಹಾಳೆ ಮಾಡಿ.

ಬಾಗಿಲು ತೆರೆದ ವಾರ ಪಠ್ಯದ ಮುಂದಿನ ಪಾಠಕ್ಕೂ ಹೋಗಬೇಡಿ, ಒಂದನೇ ಪುಟಕ್ಕೂ ಮರಳಬೇಡಿ. ಪ್ರತಿ ಮಗುವಿಗೆ ಹತ್ತು ನಿಮಿಷ ಕೊಟ್ಟು ಒಂದು ಪ್ಯಾರಾ ಓದಿಸಿ, ಐದು ಪದ ಬರೆಸಿ, ಒಂದು ಕಳೆಯುವ ಲೆಕ್ಕ ಕಡ್ಡಿಯಲ್ಲಿ ಮಾಡಿಸಿ. ದಿನಕ್ಕೆ ಆರು ಮಕ್ಕಳಂತೆ ಐದು ದಿನಕ್ಕೆ 30 ಮಕ್ಕಳು ಮುಗಿಯುತ್ತಾರೆ; ಉಳಿದವರು ಅಷ್ಟು ಹೊತ್ತು ತಮ್ಮ ಕಟ್ಟುಗಳನ್ನು ಒಬ್ಬರಿಗೊಬ್ಬರು ಓದಿ ತೋರಿಸಲಿ. ನಲಿ-ಕಲಿಯ ಮಗು ಕಲಿಕೆಯ ಏಣಿಯಲ್ಲಿ (ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳ ಸಾಲು) ಎಲ್ಲಿ ಸಿಗುತ್ತದೋ ಅಲ್ಲಿಂದ ಮುಂದುವರಿಯಲಿ. ರಜೆಗೆ ಮುಂಚೆ ಇದ್ದ ಮೆಟ್ಟಿಲಿಗಿಂತ ಎರಡು ಕೆಳಗೆ ಸಿಕ್ಕರೆ ಆ ವಿಷಯ ಮನೆಯವರಿಗೆ ಫೋನಿನಲ್ಲಿ ಹೇಳುವುದು ಬೇಡ, ಶಾಲೆಗೆ ಬಂದಾಗ ಕಡ್ಡಿ ಕಟ್ಟು ಮುಂದಿಟ್ಟು ತೋರಿಸಿ.